ಐ-ಕ್ಯೂನಿಂದ ಉದ್ದ, ಕೋನ ತೆಗೆಯುವ ಸರ್ಕ್ಯೂಟ್: ಕಾರ್ಡಿಕ್ ಕಟ್ಟುವ ಮೊದಲು ಬಿಟ್ ಲೆಕ್ಕ

"ನನ್ನ ಹತ್ತಿರ ಐ ಇದೆ, ಕ್ಯೂ ಇದೆ. ಫೇಸ್ ಬೇಕು. ಎಫ್‌ಪಿಜಿಎಯಲ್ಲಿ ಆರ್ಕ್‌ಟ್ಯಾನ್ ಬರೆಯುವುದು ಹೇಗೆ?" ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಸ್ವಲ್ಪ ದಿನ ಬಿಟ್ಟು ಅದೇ ಓದುಗರು ಮತ್ತೆ ಕೇಳುತ್ತಾರೆ: "ಕಾರ್ಡಿಕ್ ಲೂಪ್ ಬರೆದೆ. ಕೆಲವು ಕೋನಕ್ಕೆ ಸರಿ ಉತ್ತರ, ಕೆಲವಕ್ಕೆ ಏನೇನೋ. ಯಾಕೆ?"

ಎಫ್‌ಪಿಜಿಎ ಅಂದರೆ ಬೇಕಾದ ಸರ್ಕ್ಯೂಟ್ ಅನ್ನು ನಾವೇ ಬರೆದು ತುಂಬಬಹುದಾದ ಚಿಪ್. ಆರ್ಕ್‌ಟ್ಯಾನ್ ಅಂದರೆ ಟ್ಯಾನ್ ಬೆಲೆಯಿಂದ ಕೋನ ತೆಗೆಯುವ ಲೆಕ್ಕ. ಅದನ್ನು ಬರೀ ಕೂಡು-ಕಳೆ, ಬಿಟ್ ಸರಿಸುವುದರಿಂದಲೇ ಮಾಡುವ ವಿಧಾನ ಕಾರ್ಡಿಕ್. ನನ್ನ ಪ್ರಕಾರ ಎರಡನೇ ಪ್ರಶ್ನೆಯೇ ಮುಖ್ಯ. ಲೂಪ್ ಇರುವುದು ನಾಲ್ಕಾರು ಸಾಲು. ಕೆಲಸ ಕೆಡುವುದು ಬಿಟ್ ಅಗಲದಲ್ಲಿ, ಪ್ಲಸ್-ಮೈನಸ್ ಚಿಹ್ನೆಯಲ್ಲಿ, ಕೋನವನ್ನು ಯಾವ ಅಳತೆಯಲ್ಲಿ ಬರೆದಿಡುತ್ತೀರಿ ಎನ್ನುವುದರಲ್ಲಿ. ಹಾಗಾಗಿ ಇಲ್ಲಿ ಕೋಡ್‌ಗಿಂತ ಲೆಕ್ಕವೇ ಜಾಸ್ತಿ.

ಮೊದಲು ಪದಗಳ ಪರಿಚಯ. ರೇಡಿಯೊ ಸಿಗ್ನಲ್ ಅನ್ನು ಬೇಸ್‌ಬ್ಯಾಂಡ್‌ಗೆ, ಅಂದರೆ ಸೊನ್ನೆಯ ಆಸುಪಾಸಿನ ಫ್ರೀಕ್ವೆನ್ಸಿಗೆ, ಇಳಿಸಿದಾಗ ಪ್ರತಿ ಸ್ಯಾಂಪಲ್‌ಗೆ ಎರಡು ಸಂಖ್ಯೆ ಸಿಗುತ್ತವೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಎಷ್ಟು ದೂರ ಎನ್ನುವುದು ಐ, ಮೇಲಕ್ಕೆ ಎಷ್ಟು ದೂರ ಎನ್ನುವುದು ಕ್ಯೂ. ಸೊನ್ನೆಯಿಂದ ಆ ಚುಕ್ಕೆಗೆ ಗೆರೆ ಎಳೆಯಿರಿ. ಗೆರೆಯ ಉದ್ದವೇ ಮ್ಯಾಗ್ನಿಟ್ಯೂಡ್. ಅಡ್ಡ ಅಕ್ಷದಿಂದ ಅದು ಎಷ್ಟು ತಿರುಗಿದೆ ಎನ್ನುವುದು ಫೇಸ್. ಮುಂದೆ ಇವನ್ನು ಸುಮ್ನೆ ಉದ್ದ, ಕೋನ ಎನ್ನುತ್ತೇನೆ. ಎಫ್‌ಎಂ ಡೀಮಾಡ್ಯುಲೇಶನ್, ಒಎಫ್‌ಡಿಎಂನಲ್ಲಿ (ಹಲವು ಫ್ರೀಕ್ವೆನ್ಸಿಗಳಲ್ಲಿ ಒಟ್ಟಿಗೆ ಕಳಿಸುವ ಪದ್ಧತಿ) ಫ್ರೀಕ್ವೆನ್ಸಿ ಎಷ್ಟು ಜಾರಿದೆ ಎಂದು ಅಳೆಯುವುದು, ಕ್ಯಾರಿಯರ್ (ಸಿಗ್ನಲ್ ಹೊರುವ ಮೂಲ ಅಲೆ) ಹಿಡಿಯುವುದು, ಉದ್ದ-ಕೋನಗಳನ್ನು ಬೇರೆ ಬೇರೆಯಾಗಿ ಕಳಿಸುವ ಪೋಲಾರ್ ಟ್ರಾನ್ಸ್‌ಮಿಟರ್, ಇವೆಲ್ಲಕ್ಕೂ ಈ ಪರಿವರ್ತನೆ ಬೇಕು.

ನಿಮ್ಮ ಹತ್ತಿರ ಇರಬೇಕಾದ್ದು: ವೆರಿಲಾಗ್ ಅಥವಾ ವಿಎಚ್‌ಡಿಎಲ್‌ನ ಪರಿಚಯ, ಒಂದು ಸಿಮ್ಯುಲೇಟರ್, ಪೈಥಾನ್, ಒಂದಿಷ್ಟು ಕಾಗದ. ಟೂಸ್ ಕಾಂಪ್ಲಿಮೆಂಟ್, ಅಂದರೆ ಮೇಲಿನ ಬಿಟ್ 1 ಆದರೆ ಸಂಖ್ಯೆ ಮೈನಸ್ ಎನ್ನುವ ಬರವಣಿಗೆ, ಅಭ್ಯಾಸವಿರಬೇಕು.

1. ನಿಜಕ್ಕೂ ಕೋನ ಬೇಕಾ, ನೋಡಿ

ಸಿಗ್ನಲ್ ಇದೆಯೋ ಇಲ್ಲವೋ ಎಂದು ತಿಳಿದರೆ ಸಾಕು ಎಂದಾದರೆ ಐ ವರ್ಗ ಕೂಡಿಸು ಕ್ಯೂ ವರ್ಗ ಮಾಡಿ, ಮಿತಿಯ ವರ್ಗಕ್ಕೆ ಹೋಲಿಸಿ. ವರ್ಗಮೂಲವೇ ಬೇಡ. ಅಂದಾಜು ಉದ್ದ ಸಾಕಾದರೆ ಇನ್ನೂ ಸುಲಭ: ಐ, ಕ್ಯೂ ಎರಡರ ಮೈನಸ್ ಚಿಹ್ನೆ ತೆಗೆದು, ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಿ. ಉತ್ತರ ನಿಜಕ್ಕಿಂತ ಹೆಚ್ಚೆಂದರೆ ಶೇ. 11.8ರಷ್ಟು ಜಾಸ್ತಿ ಬರುತ್ತದೆ. ಗೇನ್ ಸರಿಹೊಂದಿಸುವ ಎಜಿಸಿಗೆ ಎಷ್ಟೋ ಸಲ ಇದೇ ಸಾಕು.

ನಾಲ್ಕು ಫೇಸ್‌ಗಳಲ್ಲಿ ಮಾಹಿತಿ ಕಳಿಸುವ ಕ್ಯೂಪಿಎಸ್‌ಕೆಯ ಕ್ಯಾರಿಯರ್ ಲೂಪ್‌ಗೂ ಪೂರ್ತಿ ಕೋನ ಬೇಕೇ ಬೇಕೆಂದಿಲ್ಲ. ಐನ ಚಿಹ್ನೆಯನ್ನು ಕ್ಯೂಗೆ ಗುಣಿಸಿ, ಅದರಿಂದ ಕ್ಯೂನ ಚಿಹ್ನೆ ಗುಣಿಸಿದ ಐ ಕಳೆದರೆ ಫೇಸ್ ದೋಷದ ಸೂಚನೆ ಸಿಗುತ್ತದೆ. ಗುಣಾಕಾರ ಅಂತ ಹೆಸರಿಗಷ್ಟೇ. ಚಿಹ್ನೆ ಬದಲಿಸಿದರೆ ಮುಗಿಯಿತು.

ನೇರವಾಗಿ ಟೇಬಲ್ ಇಟ್ಟುಬಿಡೋಣ ಎಂದು ಕೆಲವರಿಗೆ ಅನ್ನಿಸುತ್ತದೆ. 16 ಬಿಟ್ ಐ, 16 ಬಿಟ್ ಕ್ಯೂ ಸೇರಿದರೆ 32 ಬಿಟ್ ವಿಳಾಸ, ಅಂದರೆ 400 ಕೋಟಿಗೂ ಹೆಚ್ಚು ಸಾಲು. ಅದು ಆಗದ ಮಾತು.

ಉದ್ದ, ಕೋನ ಎರಡೂ ನಿಖರವಾಗಿ ಬೇಕು, ಗುಣಾಕಾರದ ಬ್ಲಾಕ್‌ಗಳನ್ನು ಖರ್ಚು ಮಾಡಲು ಮನಸ್ಸಿಲ್ಲ ಎಂದಾದರೆ ಕಾರ್ಡಿಕ್ ಸರಿ.

2. ಲೂಪ್ ಅನ್ನು ಒಮ್ಮೆ ಕೈಯಲ್ಲಿ ಮಾಡಿ

ಕಾರ್ಡಿಕ್ ಎನ್ನುವುದು ಗೆರೆಯನ್ನು ಸಣ್ಣ ಸಣ್ಣ ತಿರುವುಗಳಲ್ಲಿ ತಿರುಗಿಸಿ ಅಡ್ಡ ಅಕ್ಷದ ಮೇಲೆ ಮಲಗಿಸುವ ವಿಧಾನ. ಜಾಕ್ ವೋಲ್ಡರ್ ಇದನ್ನು 1959ರಲ್ಲಿ ಪ್ರಕಟಿಸಿದರು. ವಿಮಾನದ ದಿಕ್ಕು ಲೆಕ್ಕ ಹಾಕುವ ಕಂಪ್ಯೂಟರ್‌ಗಾಗಿ ಹುಟ್ಟಿದ ವಿಧಾನ ಇದು. 1972ರ ಎಚ್‌ಪಿ-35 ಕ್ಯಾಲ್ಕುಲೇಟರ್‌ನ ಒಳಗೂ ಇದೇ ಇತ್ತು. ಗುಣಾಕಾರ ದುಬಾರಿಯಾಗಿದ್ದ ಕಾಲದ ಉಪಾಯ ಇವತ್ತಿಗೂ ಉಳಿದಿದೆ.

ಉಪಾಯ ಇಷ್ಟೇ. ತಿರುಗಿಸುವ ಕೋನಗಳನ್ನು ಮನಸ್ಸಿಗೆ ಬಂದಂತೆ ಆರಿಸುವುದಿಲ್ಲ. ಯಾವ ಕೋನದ ಟ್ಯಾನ್ ಬೆಲೆ 1, 1/2, 1/4, 1/8 ಹೀಗೆ ಬರುತ್ತದೋ ಅವನ್ನೇ ಬಳಸುತ್ತೇವೆ: 45°, 26.565°, 14.036°, 7.125°, 3.576°, 1.790°, 0.895°, 0.448°... ಆಗ ಗುಣಾಕಾರದ ಜಾಗದಲ್ಲಿ ಬಿಟ್‌ಗಳನ್ನು ಬಲಕ್ಕೆ ಸರಿಸಿದರೆ ಸಾಕು.

ಎಕ್ಸ್‌ನಲ್ಲಿ ಐ, ವೈನಲ್ಲಿ ಕ್ಯೂ, ಝಡ್‌ನಲ್ಲಿ ಸೊನ್ನೆ ಇಟ್ಟು ಶುರು ಮಾಡಿ. ಹಂತದ ಸಂಖ್ಯೆ ಕೆ ಎಂದಿರಲಿ, 0ಯಿಂದ ಎಣಿಸಿ.

ವೈ ಮೈನಸ್ ಅಲ್ಲದಿದ್ದರೆ: ಎಕ್ಸ್‌ಗೆ ಕೆ ಬಿಟ್ ಸರಿಸಿದ ವೈ ಕೂಡಿಸಿ, ವೈಯಿಂದ ಕೆ ಬಿಟ್ ಸರಿಸಿದ ಎಕ್ಸ್ ಕಳೆಯಿರಿ, ಝಡ್‌ಗೆ ಆ ಹಂತದ ಕೋನ ಕೂಡಿಸಿ.
ವೈ ಮೈನಸ್ ಆಗಿದ್ದರೆ: ಮೂರರಲ್ಲೂ ಕೂಡಿಸುವುದು ಕಳೆಯುವುದಾಗುತ್ತದೆ, ಕಳೆಯುವುದು ಕೂಡಿಸುವುದಾಗುತ್ತದೆ.

ಎಕ್ಸ್ 300, ವೈ 400 ತೆಗೆದುಕೊಳ್ಳಿ. ನಿಜವಾದ ಉದ್ದ 500, ಕೋನ 53.130°.

ಹಂತ 0 ಮುಗಿದಾಗ: ಎಕ್ಸ್ 700, ವೈ 100, ಝಡ್ 45°
ಹಂತ 1: ಎಕ್ಸ್ 750, ವೈ −250, ಝಡ್ 71.565°
ಹಂತ 2: ಎಕ್ಸ್ 812.5, ವೈ −62.5, ಝಡ್ 57.529°
ಹಂತ 3: ಎಕ್ಸ್ 820.31, ವೈ 39.06, ಝಡ್ 50.404°
ಹಂತ 4: ಎಕ್ಸ್ 822.75, ವೈ −12.21, ಝಡ್ 53.980°
ಹಂತ 5: ಎಕ್ಸ್ 823.14, ವೈ 13.50, ಝಡ್ 52.190°
ಹಂತ 6: ಎಕ್ಸ್ 823.35, ವೈ 0.64, ಝಡ್ 53.085°
ಹಂತ 7: ಎಕ್ಸ್ 823.35, ವೈ −5.79, ಝಡ್ 53.533°

ಇದರಲ್ಲಿ ಗಮನಿಸಬೇಕಾದ್ದು ಮೂರು. ಒಂದು, ಎಕ್ಸ್ 500ಕ್ಕೆ ಬರಲಿಲ್ಲ, 823ಕ್ಕೆ ಬಂತು. ಪ್ರತಿ ತಿರುವೂ ಗೆರೆಯನ್ನು ಸ್ವಲ್ಪ ಹಿಗ್ಗಿಸುತ್ತದೆ. ಒಟ್ಟು ಹಿಗ್ಗು 1.64676. ಇದು ಯಾವ ಇನ್‌ಪುಟ್‌ಗೂ ಬದಲಾಗದ ಸಂಖ್ಯೆ, ಆದ್ದರಿಂದ ಹೆದರಬೇಕಿಲ್ಲ. ಎರಡು, ಹಂತ 6ರಲ್ಲಿ ಕೋನ ಹತ್ತಿರ ಬಂದಿತ್ತು, 7ರಲ್ಲಿ ದೂರ ಹೋಯಿತು. ಇದು ತಪ್ಪಲ್ಲ. ಕಾರ್ಡಿಕ್ ಯಾವ ಹಂತವನ್ನೂ ಬಿಡುವುದಿಲ್ಲ. ಮುಂದಿನ ಹಂತಗಳು ಅದನ್ನು ವಾಪಸ್ ಎಳೆಯುತ್ತವೆ. ವೈ ಸೊನ್ನೆಯ ಹತ್ತಿರ ಬಂತೆಂದು ಮಧ್ಯದಲ್ಲೇ ನಿಲ್ಲಿಸಿದರೆ ಹಿಗ್ಗು ಇನ್‌ಪುಟ್‌ಗೆ ತಕ್ಕಂತೆ ಬದಲಾಗುತ್ತದೆ, ಎಲ್ಲ ಕೆಡುತ್ತದೆ. ಮೂರು, ಉದ್ದ ಬೇಗ ಸರಿಹೋಗುತ್ತದೆ, ಕೋನ ನಿಧಾನ. 8 ಹಂತ ಮುಗಿದಾಗ ಕೋನದಲ್ಲಿ 0.448° ತನಕ ದೋಷ ಉಳಿಯಬಹುದು, ಉದ್ದದಲ್ಲಿ ಮಾತ್ರ ಶೇ. 0.003ರಷ್ಟೇ. ಉದ್ದ ಒಂದೇ ಬೇಕಾದವರು ಅರ್ಧ ಹಂತದಲ್ಲಿ ಮುಗಿಸಬಹುದು.

3. ಕೋನವನ್ನು ಡಿಗ್ರಿಯಲ್ಲೂ ರೇಡಿಯನ್‌ನಲ್ಲೂ ಇಡಬೇಡಿ

ಇದೊಂದು ತೀರ್ಮಾನ ಸರಿಯಾದರೆ ಮುಂದಿನ ಅರ್ಧ ತಲೆನೋವು ಹೋಗುತ್ತದೆ. ಪೂರ್ತಿ ಒಂದು ಸುತ್ತನ್ನು 65536 ಭಾಗ ಮಾಡಿ, 16 ಬಿಟ್‌ನಲ್ಲಿ ಇಡಿ. ಆಗ 45° ಅಂದರೆ 8192, 26.565° ಅಂದರೆ 4836, 14.036° ಅಂದರೆ 2555, 7.125° ಅಂದರೆ 1297. ಒಂದು ಭಾಗ ಸುಮಾರು 0.0055°.

ಲಾಭ ಏನು? ಕೋನ +180° ದಾಟಿದಾಗ −180° ಆಗಬೇಕು. 16 ಬಿಟ್ ಸಂಖ್ಯೆಯೂ 32767 ದಾಟಿದಾಗ −32768 ಆಗುತ್ತದೆ. ಎರಡೂ ಒಂದೇ. ಸುತ್ತುವ ಕೆಲಸವನ್ನು ಹಾರ್ಡ್‌ವೇರ್ ತಾನಾಗಿಯೇ ಮಾಡುತ್ತದೆ.

ಎಫ್‌ಎಂ ಡೀಮಾಡ್ಯುಲೇಟರ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಈಗಿನ ಕೋನದಿಂದ ಹಿಂದಿನ ಕೋನ ಕಳೆಯಬೇಕು. ಹಿಂದಿನದು 32000, ಈಗಿನದು −32000 ಎಂದಿರಲಿ. ಕಳೆದರೆ −64000. 16 ಬಿಟ್‌ನಲ್ಲಿ ಅದು 1536 ಆಗಿ ಕಾಣುತ್ತದೆ, ಅಂದರೆ 8.4°. ಸಿಗ್ನಲ್ ನಿಜವಾಗಿ ತಿರುಗಿದ್ದೂ ಅಷ್ಟೇ. ಇಲ್ಲಿ "ಓವರ್‌ಫ್ಲೋ ಆಗಬಾರದು" ಎಂದು ಜಾಣತನ ತೋರಿಸಿ 17 ಬಿಟ್ ಕೊಟ್ಟವರೇ ಕೆಡುತ್ತಾರೆ. ಸ್ಯಾಚುರೇಶನ್, ಅಂದರೆ ಮಿತಿ ದಾಟಿದರೆ ಮಿತಿಯಲ್ಲೇ ನಿಲ್ಲಿಸುವುದನ್ನೂ ಕೋನದ ದಾರಿಯಲ್ಲಿ ಎಲ್ಲೂ ಹಾಕಬೇಡಿ.

ರೆಡಿಮೇಡ್ ಐಪಿ ಕೋರ್, ಅಂದರೆ ಬೇರೆಯವರು ಬರೆದಿಟ್ಟ ಸರ್ಕ್ಯೂಟ್ ಬ್ಲಾಕ್, ಬಳಸುವವರು ಕೋನದ ಸೆಟ್ಟಿಂಗ್ ನೋಡಿಕೊಳ್ಳಿ. ರೇಡಿಯನ್ ಮತ್ತು ಸ್ಕೇಲ್ಡ್ ರೇಡಿಯನ್ ಎಂದು ಎರಡು ಆಯ್ಕೆ ಇರುವುದುಂಟು. ಸ್ಕೇಲ್ಡ್ ಅಂದರೆ ಪೈಯನ್ನು 1 ಎಂದು ಎಣಿಸುವುದು. ಎರಡನ್ನೂ ಬೆರೆಸಿದರೆ ಉತ್ತರ 3.14 ಪಟ್ಟು ತಪ್ಪುತ್ತದೆ.

4. ಬಿಟ್ ಅಗಲದ ಲೆಕ್ಕ

ಇಲ್ಲಿ ಸಾವಕಾಶವಾಗಿ ಕೂತು ಲೆಕ್ಕ ಹಾಕಿ. ನಮ್ಮ ಉದಾಹರಣೆಗೆ ಇನ್‌ಪುಟ್ 16 ಬಿಟ್, ಕೋನ 16 ಬಿಟ್.

ಹಂತ ಎಷ್ಟು? ಪ್ರತಿ ಹಂತಕ್ಕೆ ಕೋನದಲ್ಲಿ ಸುಮಾರು ಒಂದು ಬಿಟ್ ನಿಖರತೆ ಸಿಗುತ್ತದೆ. 16 ಹಂತ ಹಾಕಿದರೆ, ಅಂದರೆ ಕೆ 0ಯಿಂದ 15ರ ತನಕ, ಉಳಿಯುವ ದೋಷ ಹೆಚ್ಚೆಂದರೆ 0.00175°. ನಮ್ಮ ಕೋನದ ಒಂದು ಭಾಗ 0.0055°. ಅರ್ಧ ಭಾಗಕ್ಕಿಂತ ಕಡಿಮೆ ಆಯಿತು, ಸಾಕು. ಇನ್ನೂ ಹಂತ ಸೇರಿಸಿದರೆ ಜಾಗ ದಂಡ.

ಮೇಲೆ ಎಷ್ಟು ಬಿಟ್? ಐ, ಕ್ಯೂ ಎರಡೂ ತುದಿಯಲ್ಲಿದ್ದರೆ ಉದ್ದ 32768ರ 1.414 ಪಟ್ಟು. ಅದರ ಮೇಲೆ 1.647 ಪಟ್ಟು ಹಿಗ್ಗು. ಒಟ್ಟು ಸುಮಾರು 76,300. 17 ಬಿಟ್‌ನಲ್ಲಿ 65535ಕ್ಕೆ ಮುಗಿಯುತ್ತದೆ, ಆದ್ದರಿಂದ 18 ಬಿಟ್ ಬೇಕು. ಮೇಲೆ 2 ಬಿಟ್ ಜಾಸ್ತಿ. ತುಂಬಾ ಜನ ಒಂದೇ ಬಿಟ್ ಸೇರಿಸುತ್ತಾರೆ. ಸಿಗ್ನಲ್ ಕಡಿಮೆ ಇರುವಾಗ ಎಲ್ಲ ಸರಿಯಾಗಿ ಓಡುತ್ತದೆ. ಸಿಗ್ನಲ್ ಜೋರಾದ ದಿನ, ಅದೂ 45°ಯ ಆಸುಪಾಸಿನಲ್ಲಿ ಮಾತ್ರ, ಕೈಕೊಡುತ್ತದೆ. ಇಂಥ ತಪ್ಪು ಹುಡುಕುವುದು ಬಹಳ ಕಷ್ಟ.

ಕೆಳಗೆ ಎಷ್ಟು ಬಿಟ್? ಬಲಕ್ಕೆ ಸರಿಸಿದಾಗ ಕೊನೆಯ ಬಿಟ್‌ಗಳು ಉದುರಿಹೋಗುತ್ತವೆ. ಹಂತಕ್ಕೆ ಒಂದರಂತೆ 16 ಸಲ ಉದುರಿದರೆ ಕೆಟ್ಟ ಪಕ್ಷ ಕೊನೆಯ ಬಿಟ್‌ನ ಬೆಲೆಯ 16 ಪಟ್ಟಿನಷ್ಟು ದೋಷ ಕೂಡಬಹುದು. 16 ಅಂದರೆ 4 ಬಿಟ್. ಹಾಗಾಗಿ ಕೆಳಗೆ 4 ಸೊನ್ನೆ ಸೇರಿಸಿ ಶುರು ಮಾಡಿ. ಇವಕ್ಕೆ ಗಾರ್ಡ್ ಬಿಟ್ ಎನ್ನುತ್ತಾರೆ, ದೋಷವನ್ನೆಲ್ಲ ತಮ್ಮ ಮೇಲೆ ಎಳೆದುಕೊಂಡು ಕೊನೆಗೆ ತಾವೇ ಕತ್ತರಿಸಿಹೋಗುವ ಬಿಟ್‌ಗಳು. ಎಕ್ಸ್, ವೈ ಅಗಲ 16 + 2 + 4 = 22.

ಝಡ್‌ಗೂ ಇದೇ ಕಥೆ. ಟೇಬಲ್‌ನ ಪ್ರತಿ ಕೋನವನ್ನೂ ಹತ್ತಿರದ ಪೂರ್ಣಾಂಕಕ್ಕೆ ಕೂರಿಸುವಾಗ ಅರ್ಧ ಭಾಗದ ತನಕ ದೋಷ. 16 ಹಂತಕ್ಕೆ 8 ಭಾಗ. ಝಡ್ ಅನ್ನು 20 ಬಿಟ್ ಇಡಿ, ಟೇಬಲ್ ಅನ್ನೂ 20 ಬಿಟ್‌ನಲ್ಲೇ ಬರೆಯಿರಿ. ಆಗ 45° ಅಂದರೆ 131072. ಕೊನೆಯಲ್ಲಿ 8 ಕೂಡಿಸಿ ಕೆಳಗಿನ 4 ಬಿಟ್ ಕತ್ತರಿಸಿದರೆ ರೌಂಡಿಂಗ್ ಆದಂತೆ.

ಒಂದು ಎಚ್ಚರಿಕೆ. ಈ ನಿಖರತೆ ಎಲ್ಲ ಇನ್‌ಪುಟ್ ದೊಡ್ಡದಿದ್ದಾಗ ಮಾತ್ರ. ಇನ್‌ಪುಟ್ ಉದ್ದ ಬರೀ 10 ಇದ್ದರೆ, ಅದರಲ್ಲಿ 0.5ರಷ್ಟು ಅನುಮಾನವೇ 2.9° ಕೋನಕ್ಕೆ ಸಮ. ಆ ದೋಷ ಕಾರ್ಡಿಕ್‌ಗೆ ಬರುವ ಮೊದಲೇ ಆಗಿಹೋಗಿದೆ, ಎಷ್ಟು ಹಂತ ಹಾಕಿದರೂ ಹೋಗದು. ಮುಂದೆ ಒಂದು ಎಜಿಸಿ ಇಟ್ಟು ಸಿಗ್ನಲ್ ಅನ್ನು ಮೇಲಕ್ಕೆತ್ತುವುದೇ ದಾರಿ.

5. ಎಡಗಡೆಯ ಅರ್ಧ

ಕಾರ್ಡಿಕ್‌ನ ಎಲ್ಲ ಕೋನ ಕೂಡಿಸಿದರೆ 99.88°. ಅದಕ್ಕಿಂತ ಆಚೆ ಅದು ಗೆರೆಯನ್ನು ತಿರುಗಿಸಲಾರದು. "ಕೆಲವು ಕೋನಕ್ಕೆ ಏನೇನೋ ಉತ್ತರ" ಎಂಬ ದೂರಿಗೆ ಮೊದಲ ಅನುಮಾನ ಇದರ ಮೇಲೆ.

ಪರಿಹಾರ ಸುಲಭ. ಎಕ್ಸ್ ಮೈನಸ್ ಆಗಿದ್ದರೆ ಎಕ್ಸ್, ವೈ ಎರಡರ ಚಿಹ್ನೆಯನ್ನೂ ಬದಲಿಸಿ, ಝಡ್ ಅನ್ನು ಸೊನ್ನೆಯ ಬದಲು ಅರ್ಧ ಸುತ್ತಿನಿಂದ ಶುರು ಮಾಡಿ, ಅಂದರೆ ಮೇಲಿನ ಬಿಟ್ 1, ಉಳಿದವು 0. ಉದಾಹರಣೆಗೆ −300, 400 ಇದ್ದದ್ದು 300, −400 ಆಗುತ್ತದೆ. ಅದರ ಕೋನ −53.13°. 180° ಸೇರಿ 126.87°, ಸರಿ.

ಆದರೆ −32768ರ ಚಿಹ್ನೆಯನ್ನು 16 ಬಿಟ್‌ನಲ್ಲಿ ಬದಲಿಸಲಾಗದು. +32768ಕ್ಕೆ ಅಲ್ಲಿ ಜಾಗವಿಲ್ಲ, ಮತ್ತೆ −32768 ಬರುತ್ತದೆ. ಮೊದಲು ಅಗಲ ಹೆಚ್ಚಿಸಿ, ಆಮೇಲೆ ಚಿಹ್ನೆ ಬದಲಿಸಿ. ಕ್ರಮ ಮುಖ್ಯ.

6. ಸರ್ಕ್ಯೂಟ್‌ನ ರೂಪ ಆರಿಸಿ

ಒಂದೇ ಹಂತದ ಹಾರ್ಡ್‌ವೇರ್ ಇಟ್ಟು ಅದನ್ನೇ 16 ಸಲ ತಿರುಗಿಸುವುದು ಒಂದು ದಾರಿ. ಲೋಡ್ ಮಾಡಲು ಒಂದು ಕ್ಲಾಕ್ ಸೇರಿ 17 ಕ್ಲಾಕ್‌ಗೆ ಒಂದು ಉತ್ತರ. 100 ಮೆಗಾಹರ್ಟ್ಸ್ ಕ್ಲಾಕ್ ಇದ್ದರೆ ಸೆಕೆಂಡಿಗೆ ಸುಮಾರು 59 ಲಕ್ಷ ಸ್ಯಾಂಪಲ್. ಇದರಲ್ಲಿ ಸರಿಸುವ ದೂರ ಪ್ರತಿ ಹಂತಕ್ಕೂ ಬೇರೆ, ಆದ್ದರಿಂದ ಬ್ಯಾರೆಲ್ ಶಿಫ್ಟರ್ ಬೇಕು. ಎಷ್ಟು ಬಿಟ್ ಬೇಕಾದರೂ ಒಂದೇ ಏಟಿಗೆ ಸರಿಸುವ ಘಟಕ ಅದು. ಎರಡು ಕೂಡುವ ಸರ್ಕ್ಯೂಟ್‌ಗಿಂತ ಅದೇ ಜಾಸ್ತಿ ಜಾಗ ತಿನ್ನುತ್ತದೆ.

ಇನ್ನೊಂದು ದಾರಿ ಪೈಪ್‌ಲೈನ್: 16 ಹಂತವನ್ನೂ ಸಾಲಾಗಿ ಬಿಡಿಸಿ, ಮಧ್ಯೆ ರಿಜಿಸ್ಟರ್ ಇಡುವುದು. ಪ್ರತಿ ಕ್ಲಾಕ್‌ಗೂ ಒಂದು ಉತ್ತರ. ಪ್ರತಿ ಹಂತದಲ್ಲಿ ಸರಿಸುವ ದೂರ ಬದಲಾಗದು, ಹಾಗಾಗಿ ಶಿಫ್ಟರ್ ಬೇಡವೇ ಬೇಡ, ವೈರ್‌ಗಳನ್ನು ಓರೆಯಾಗಿ ಜೋಡಿಸಿದರೆ ಆಯಿತು. ಹಂತಕ್ಕೆ 22 + 22 + 20 = 64 ಬಿಟ್ ಕೂಡು-ಕಳೆ. 16 ಹಂತಕ್ಕೆ 1024. ಎಫ್‌ಪಿಜಿಎಯಲ್ಲಿ ಹೆಚ್ಚು ಕಡಿಮೆ ಸಾವಿರ ಲಟ್ (ಲಾಜಿಕ್ ಕಟ್ಟುವ ಚಿಕ್ಕ ಟೇಬಲ್), ಸಾವಿರ ಫ್ಲಿಪ್‌ಫ್ಲಾಪ್ (ಒಂದು ಬಿಟ್ ಹಿಡಿದಿಡುವ ಘಟಕ). ಇವತ್ತಿನ ಚಿಪ್‌ಗಳಿಗೆ ಇದೇನು ದೊಡ್ಡದಲ್ಲ. ಸ್ಯಾಂಪಲ್ ವೇಗ ತೀರಾ ಕಡಿಮೆ ಇಲ್ಲದಿದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಆರಿಸುತ್ತೇನೆ. ಬರೆಯಲೂ ಸುಲಭ, ತಪ್ಪು ಹುಡುಕಲೂ ಸುಲಭ.

ರಿಜಿಸ್ಟರ್ ಇಲ್ಲದೆ 16 ಹಂತವನ್ನೂ ಒಟ್ಟಿಗೆ ಹಾಕುವವರೂ ಇದ್ದಾರೆ. ಕ್ಲಾಕ್ ವೇಗ ಪಾತಾಳಕ್ಕೆ ಇಳಿಯುತ್ತದೆ. ಬೇಡ.

ಮೈಕ್ರೊಕಂಟ್ರೋಲರ್ ಸಾಕಾದ ಕೆಲಸಕ್ಕೆ ಎಸ್‌ಟಿಎಂ32ಜಿ4 ಸರಣಿಯಂಥ ಚಿಪ್‌ಗಳಲ್ಲಿ ಕಾರ್ಡಿಕ್ ಘಟಕ ಒಳಗೇ ಇರುತ್ತದೆ, ಅದನ್ನೂ ನೆನಪಿಡಿ.

7. ಬರೆಯುವಾಗ ಎಡವುವ ಜಾಗಗಳು

ಚಿಹ್ನೆ ಉಳಿಸಿಕೊಂಡು ಸರಿಸಬೇಕು. ವೆರಿಲಾಗ್‌ನಲ್ಲಿ >>> ಬರೆದರೆ ಸಾಕು ಎಂದುಕೊಳ್ಳುತ್ತೇವೆ. ಸಾಲದು. ಒಂದೇ ಲೆಕ್ಕದ ಸಾಲಿನಲ್ಲಿ ಒಂದೇ ಒಂದು ಅನ್‌ಸೈನ್ಡ್ ಪದ ಇದ್ದರೂ ಇಡೀ ಸಾಲು ಅನ್‌ಸೈನ್ಡ್ ಆಗುತ್ತದೆ, ಆಗ >>> ಕೂಡ ಮೇಲಿನಿಂದ ಸೊನ್ನೆ ತುಂಬುತ್ತದೆ. ಸೈನ್ಡ್ ರಿಜಿಸ್ಟರ್‌ನ ಕೆಲವು ಬಿಟ್‌ಗಳನ್ನು ಕತ್ತರಿಸಿ ತೆಗೆದರೂ, ಎರಡನ್ನು ಜೋಡಿಸಿದರೂ ಅದು ಅನ್‌ಸೈನ್ಡ್. ನಾನೂ ಒಮ್ಮೆ ಇದಕ್ಕೆ ಎರಡು ದಿನ ಕಳೆದಿದ್ದೇನೆ. ಅಲ್ಲಿಂದೀಚೆಗೆ ಸರಿಸಿದ ಬೆಲೆಯನ್ನು ಪ್ರತ್ಯೇಕ ಸೈನ್ಡ್ ವೈರ್‌ಗೆ ಮೊದಲು ಹಾಕಿ, ಆಮೇಲೆ ಕೂಡಿಸುತ್ತೇನೆ. ವಿಎಚ್‌ಡಿಎಲ್‌ನಲ್ಲಿ ಸೈನ್ಡ್ ಟೈಪ್ ಬಳಸಿದರೆ ಈ ಗೋಳು ಕಡಿಮೆ.

ಹೊಸ ಎಕ್ಸ್, ಹೊಸ ವೈ ಎರಡೂ ಹಳೆಯ ಬೆಲೆಗಳಿಂದಲೇ ಬರಬೇಕು. ನಾನ್-ಬ್ಲಾಕಿಂಗ್ ಅಸೈನ್‌ಮೆಂಟ್ ಬಳಸಿದರೆ ಹಾರ್ಡ್‌ವೇರ್‌ನಲ್ಲಿ ತಪ್ಪಾಗದು. ಆದರೆ ಪೈಥಾನ್ ಮಾದರಿಯಲ್ಲಿ ಎಕ್ಸ್ ಬದಲಿಸಿ ಅದನ್ನೇ ವೈಗೆ ಬಳಸುವುದು ಸಾಮಾನ್ಯ. ಆಗ ಮಾದರಿಯೇ ತಪ್ಪು, ಹಾರ್ಡ್‌ವೇರ್ ಸರಿ. ಬಯ್ಯಿಸಿಕೊಳ್ಳುವುದು ಮಾತ್ರ ಹಾರ್ಡ್‌ವೇರ್!

ಐ, ಕ್ಯೂ ಎರಡೂ ಸೊನ್ನೆಯಾದರೆ? ವೈ ಯಾವತ್ತೂ ಮೈನಸ್ ಆಗದು, ಪ್ರತಿ ಹಂತದ ಕೋನವೂ ಕೂಡುತ್ತಾ ಹೋಗಿ 99.88° ಹೊರಬರುತ್ತದೆ. ಸಿಗ್ನಲ್ ಇಲ್ಲದಾಗ ಈ ಸಂಖ್ಯೆ ಕಂಡರೆ ಗಾಬರಿಯಾಗಬೇಡಿ. ಉದ್ದ ಒಂದು ಮಿತಿಗಿಂತ ಕಡಿಮೆ ಇದ್ದಾಗ "ಕೋನ ನಂಬಬೇಡ" ಎನ್ನುವ ಒಂದು ಬಿಟ್ ಹೊರಗೆ ಕೊಡಿ.

ರೀಸೆಟ್ ಅನ್ನು ಎಲ್ಲ ಡೇಟಾ ರಿಜಿಸ್ಟರ್‌ಗೂ ಹಾಕುವ ಅಭ್ಯಾಸವಿದ್ದರೆ ಬಿಡಿ. ಡೇಟಾ ಜೊತೆ ಸಾಗಿ, ಅದನ್ನು ಬಳಸಬಹುದೇ ಎಂದು ಹೇಳುವ ವ್ಯಾಲಿಡ್ ಬಿಟ್‌ಗಷ್ಟೇ ಸಾಕು.

8. ಹಿಗ್ಗನ್ನು ಏನು ಮಾಡುವುದು?

ಎಷ್ಟೋ ಸಲ ಏನೂ ಮಾಡಬೇಕಿಲ್ಲ. ಕೋನಕ್ಕೆ ಹಿಗ್ಗು ತಾಗುವುದೇ ಇಲ್ಲ. ಉದ್ದವನ್ನು ಮಿತಿಗೆ ಹೋಲಿಸುವುದಾದರೆ ಮಿತಿಯನ್ನೇ 1.64676ರಿಂದ ಗುಣಿಸಿ ಇಟ್ಟುಬಿಡಿ. ನಿಜವಾದ ಉದ್ದವೇ ಬೇಕಾದರೆ 0.60725ರಿಂದ ಗುಣಿಸಬೇಕು. ಅದಕ್ಕೂ ಗುಣಾಕಾರದ ಬ್ಲಾಕ್ ಬೇಡ: 1/2 + 1/8 − 1/64 − 1/512 ಅಂದರೆ 0.60742. ದೋಷ ಶೇ. 0.03ಕ್ಕಿಂತ ಕಡಿಮೆ.

9. ಪರೀಕ್ಷೆ

ಪೈಥಾನ್‌ನಲ್ಲಿ ಎರಡು ಮಾದರಿ ಬರೆಯಿರಿ. ಒಂದು, ಬಿಟ್‌ಗೆ ಬಿಟ್ ಹಾರ್ಡ್‌ವೇರ್‌ನಂತೆಯೇ ಪೂರ್ಣಾಂಕದಲ್ಲಿ ನಡೆಯುವುದು. ಇನ್ನೊಂದು, ಲೈಬ್ರರಿಯ ಆರ್ಕ್‌ಟ್ಯಾನ್ ಬಳಸುವುದು. ಹಾರ್ಡ್‌ವೇರ್ ಮೊದಲನೆಯದಕ್ಕೆ ಒಂದು ಬಿಟ್ ಕೂಡ ತಪ್ಪದೆ ಹೊಂದಬೇಕು, "ಸುಮಾರಾಗಿ ಸರಿ" ನಡೆಯದು. ಮೊದಲನೆಯದು ಎರಡನೆಯದಕ್ಕೆ ನೀವು ಲೆಕ್ಕ ಹಾಕಿದ ದೋಷದೊಳಗೆ ಹೊಂದಬೇಕು. ಎರಡನ್ನೂ ಬೆರೆಸಿ ಹಾರ್ಡ್‌ವೇರ್ ಅನ್ನು ನೇರ ಲೈಬ್ರರಿಗೆ ಹೋಲಿಸಿದರೆ, ಸಣ್ಣ ತಪ್ಪುಗಳು ದೋಷದ ಮಿತಿಯೊಳಗೆ ಅಡಗಿ ಕೂರುತ್ತವೆ.

ಹೋಲಿಸುವಾಗ ಕೋನದ ವ್ಯತ್ಯಾಸವನ್ನೂ ಸುತ್ತಿಸಬೇಕು. 179.999° ಮತ್ತು −179.999° ನಡುವೆ ಇರುವುದು 0.002°, 360° ಅಲ್ಲ.

ಕೊಡಲೇಬೇಕಾದ ಇನ್‌ಪುಟ್‌ಗಳು: ನಾಲ್ಕು ಅಕ್ಷ, ನಾಲ್ಕು ಮೂಲೆ, ಅದರಲ್ಲೂ −32768, −32768 ಇರುವ ಮೂಲೆ, ಸೊನ್ನೆ, ಉದ್ದ 1ರಿಂದ 20ರ ತನಕದ ಚಿಕ್ಕವು, ಪೂರ್ತಿ ಒಂದು ಸುತ್ತು. ರ‍್ಯಾಂಡಮ್ ಇನ್‌ಪುಟ್ ಮಾತ್ರ ನಂಬಿದರೆ ಆ ಮೂಲೆ ಎಂದಿಗೂ ಬರಲಿಕ್ಕಿಲ್ಲ.

10. ಲೂಪ್‌ನೊಳಗೆ ಇಡುವಾಗ

ಪೈಪ್‌ಲೈನ್‌ನಲ್ಲಿ ಎಡಗಡೆಯ ಅರ್ಧಕ್ಕಾಗಿ ಮೊದಲು ಮಾಡುವ ಅರ್ಧ ಸುತ್ತಿನ ತಿರುವಿಗೆ 1, ಹಂತಗಳಿಗೆ 16, ರೌಂಡಿಂಗ್‌ಗೆ 1, ಒಟ್ಟು 18 ಕ್ಲಾಕ್ ತಡ. ಸಿಗ್ನಲ್ ಒಂದೇ ದಿಕ್ಕಿಗೆ ಹರಿಯುವ ಎಫ್‌ಎಂ ರಿಸೀವರ್‌ನಲ್ಲಿ ಇದು ಲೆಕ್ಕಕ್ಕಿಲ್ಲ. ಮೂಲ ಐ, ಕ್ಯೂ ಕೂಡ ಮುಂದೆ ಬೇಕಾದರೆ ಅವನ್ನೂ 18 ಕ್ಲಾಕ್ ತಡೆದು ಜೊತೆಗೆ ಕಳಿಸಿ.

ಆದರೆ ಕ್ಯಾರಿಯರ್ ಹಿಡಿಯುವ ಲೂಪ್‌ನಂಥ ಫೀಡ್‌ಬ್ಯಾಕ್ ದಾರಿಯಲ್ಲಿ ಈ ತಡವೇ ಶತ್ರು. ಲೂಪ್ ವೇಗವಾಗಿದ್ದಷ್ಟೂ ತೂಗಾಡಲು ಶುರುವಾಗುತ್ತದೆ. ಆಗ ಗೇನ್ ಇಳಿಸುವ ಮೊದಲು ಹಂತ ಇಳಿಸಿ ನೋಡಿ. ಕ್ಯೂಪಿಎಸ್‌ಕೆಯಲ್ಲಿ ತೀರ್ಮಾನದ ಗಡಿ ±45°. ಅದಕ್ಕೆ 8 ಹಂತ ಕೊಡುವ 0.448° ಧಾರಾಳ, ಉಳಿದ ಅಲುಗಾಟವನ್ನು ಲೂಪ್ ಫಿಲ್ಟರ್ ಸರಾಸರಿ ಮಾಡಿಬಿಡುತ್ತದೆ. ತಡ 10 ಕ್ಲಾಕ್‌ಗೆ ಇಳಿಯುತ್ತದೆ.

ಸಿಕ್ಕ ಫೇಸ್ ದೋಷದಷ್ಟು ಸಿಗ್ನಲ್ ಅನ್ನು ವಾಪಸ್ ತಿರುಗಿಸಲೂ ಇದೇ ಹಂತಗಳು ಸಾಕು, ಅಲ್ವಾ? ಹೌದು. ಝಡ್‌ನಲ್ಲಿ ತಿರುಗಿಸಬೇಕಾದ ಕೋನ ಇಟ್ಟು, ಕೂಡಿಸಬೇಕೋ ಕಳೆಯಬೇಕೋ ಎನ್ನುವುದನ್ನು ವೈಯ ಚಿಹ್ನೆಯ ಬದಲು ಝಡ್‌ನ ಚಿಹ್ನೆ ನೋಡಿ ತೀರ್ಮಾನಿಸಿ: ಝಡ್ ಮೈನಸ್ ಅಲ್ಲದಿದ್ದರೆ ಎಕ್ಸ್‌ನಿಂದ ಸರಿಸಿದ ವೈ ಕಳೆದು, ವೈಗೆ ಸರಿಸಿದ ಎಕ್ಸ್ ಕೂಡಿಸಿ, ಝಡ್‌ನಿಂದ ಆ ಹಂತದ ಕೋನ ಕಳೆಯಿರಿ. 99.88°ಯ ಗಡಿ ಇಲ್ಲೂ ಇದೆ. ಝಡ್‌ನ ಮೇಲಿನ ಎರಡು ಬಿಟ್ ಬೇರೆ ಬೇರೆ ಇದ್ದರೆ ಕೋನ ಎಡಗಡೆಯ ಅರ್ಧದಲ್ಲಿದೆ ಎಂದರ್ಥ. ಮೊದಲೇ ಅರ್ಧ ಸುತ್ತು ತಿರುಗಿಸಿಕೊಳ್ಳಿ.